ದಿಗ್ವ್ರತವೂ ಬಳ್ಳಿಗಾವಿಯ ಮೂರು ದಿನಗಳೂ

ಗೃಹಸ್ಥನಾದ ಶ್ರಾವಕನಿಗೆ ವಿಹಿತವಾದ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವು ಮೇಲ್ನೋಟಕ್ಕೆ ಬಹು ಸುಲಭವಾದುದು. ಹತ್ತು ದಿಕ್ಕುಗಳಲ್ಲಿಯೂ ಪ್ರಸಿದ್ಧವಾದ ನದಿ, ಪರ್ವತ, ಊರುಗಳನ್ನು ಎಲ್ಲೆಯಾಗಿಟ್ಟುಕೊಂಡು, ಬದುಕಿರುವತನಕ ಅದರಾಚೆಗೆ ಹೋಗುವುದಿಲ್ಲವೆಂದು ಸಂಕಲ್ಪಿಸುವುದೇ ಆ ವ್ರತ. ಉಪವಾಸದ ಆಯಾಸವಿಲ್ಲ, ದಾನದ ವೆಚ್ಚವಿಲ್ಲ. ನಾನು ಈ ವ್ರತವನ್ನು 2003ರಲ್ಲಿ ಮುನಿಗಳೊಬ್ಬರ ಸನ್ನಿಧಿಯಲ್ಲಿ ಸ್ವೀಕರಿಸಿದೆ. ಪೂರ್ವಕ್ಕೆ ಸಮ್ಮೇದಶಿಖರ, ಪಶ್ಚಿಮಕ್ಕೆ ಗಿರನಾರ, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಕನ್ಯಾಕುಮಾರಿ. ಊರ್ಧ್ವದಿಕ್ಕಿಗೆ ಶಿಖರಜಿಯ ಎತ್ತರವೇ ಮೇರೆ. ಶಿಕಾರಿಪುರದ ಪೇಟೆಯಲ್ಲಿ ಜವಳಿ ಅಂಗಡಿ ನಡೆಸುವ ನನ್ನಂಥವನಿಗೆ ಇಷ್ಟು ಕ್ಷೇತ್ರ ಧಾರಾಳವಾಯಿತೆಂದು ಅಂದು ಭಾವಿಸಿದ್ದೆ. ಇಂದೂ ಹಾಗೆಯೇ ಭಾವಿಸುತ್ತೇನೆ.

2024ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ಮಗನು, ಡಿಸೆಂಬರಿನ ರಜೆಯಲ್ಲಿ ಕುಟುಂಬಸಮೇತ ತುರ್ಕಿ ದೇಶದ ಇಸ್ತಾಂಬುಲ್ ನಗರಕ್ಕೆ ಹೋಗಿಬರುವ ಯೋಚನೆಯನ್ನು ತಿಳಿಸಿ, "ಅಪ್ಪ, ನೀವೂ ಬರಬೇಕು. ಅಮ್ಮ ಹೋದಮೇಲೆ ನೀವು ಅಂಗಡಿ ಬಿಟ್ಟು ಎಲ್ಲಿಗೂ ಹೊರಟಿಲ್ಲ" ಎಂದನು. ನಾನು ನನ್ನ ವ್ರತವನ್ನು ನೆನಪಿಸಿದೆ. ಹದಿಮೂರು ವರ್ಷದ ಮೊಮ್ಮಗಳು ಭೂಪಟವನ್ನು ತಂದು ಹರಡಿ, ಗಿರನಾರದಿಂದ ಇಸ್ತಾಂಬುಲಿನವರೆಗೆ ಬೆರಳೆಳೆದು, "ದಕ್ಷಿಣದಲ್ಲಿ ಸ್ವಲ್ಪ ಕಡಿಮೆ ಮಾಡಿಕೊಂಡು ಪಶ್ಚಿಮಕ್ಕೆ ಸೇರಿಸಿಕೊಳ್ಳಿ ಅಜ್ಜ" ಎಂದಳು. ಒಂದು ದಿಕ್ಕಿನ ಎಲ್ಲೆಯನ್ನು ತಗ್ಗಿಸಿ ಮತ್ತೊಂದರಲ್ಲಿ ಹಿಗ್ಗಿಸುವುದಕ್ಕೆ ಆಚಾರ್ಯರು ಕ್ಷೇತ್ರವೃದ್ಧಿಯೆಂಬ ಹೆಸರಿಟ್ಟು, ದಿಗ್ವ್ರತದ ಐದು ಅತಿಚಾರಗಳಲ್ಲಿ ಎಣಿಸಿದ್ದಾರೆಂದು ವಿವರಿಸಿದೆ. ವಿಮಾನವಂತೂ ಹೊರಟ ಹತ್ತು ನಿಮಿಷಗಳೊಳಗೆ ಶಿಖರಜಿಯ ಎತ್ತರವನ್ನು ಮೀರುತ್ತದೆಂದೂ ಸೇರಿಸಿದೆ. ಎಲ್ಲರೂ ನಕ್ಕರು. ಶಾಸ್ತ್ರಜ್ಞಾನದಿಂದ ಗೆದ್ದೆನೆಂಬ ಸಣ್ಣದೊಂದು ಹೆಮ್ಮೆಯೂ ನನ್ನಲ್ಲಿ ಉಂಟಾಗದಿರಲಿಲ್ಲ.

ಆ ಮಗು ಮಾತ್ರ ನಗಲಿಲ್ಲ. "ಅಜ್ಜಿಯನ್ನು ಬಳ್ಳಿಗಾವಿಗೂ ನೀವು ಕರೆದುಕೊಂಡು ಹೋಗಲಿಲ್ಲವಂತೆ. ಅದು ನಿಮ್ಮ ಗಡಿಯ ಒಳಗೇ ಇತ್ತಲ್ಲ?" ಎಂದು ಕೇಳಿತು. ಕುಚೋದ್ಯದ ಪ್ರಶ್ನೆಯಲ್ಲ, ತಿಳಿಯಬೇಕೆಂದೇ ಕೇಳಿದ್ದು. ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಧರ್ಮಪತ್ನಿಯ ತವರುಮನೆ ಸೊರಬ ತಾಲ್ಲೂಕಿನ ಆನವಟ್ಟಿಯ ಸಮೀಪದ ಒಂದು ಹಳ್ಳಿ. ಶಿಕಾರಿಪುರದಿಂದ ಅಲ್ಲಿಗೆ ಹೋಗುವ ಬಸ್ಸು ಶಿರಾಳಕೊಪ್ಪದ ಮೇಲೆಯೇ ಹೋಗುತ್ತದೆ. ಬಳ್ಳಿಗಾವಿ ಅಲ್ಲಿಂದ ಎರಡು-ಮೂರು ಕಿಲೋಮೀಟರು ಅಷ್ಟೇ. ತನ್ನ ಬಾಲ್ಯದಲ್ಲಿ ಯಾರೋ ಉಪಾಧ್ಯಾಯರು ಬಳ್ಳಿಗಾವಿಯ ವೈಭವವನ್ನು ಬಣ್ಣಿಸಿದ್ದನ್ನು ಆಕೆ ಮರೆತಿರಲಿಲ್ಲ. ಬಸ್ಸು ಶಿರಾಳಕೊಪ್ಪದಲ್ಲಿ ನಿಂತಾಗಲೆಲ್ಲ, "ಈ ಸಲ ಇಳಿದು ನೋಡಿಕೊಂಡೇ ಹೋಗೋಣವೇ?" ಎನ್ನುವಳು. ಮದುವೆಯ ಹಂಗಾಮು ಕಳೆಯಲಿ, ಸುಗ್ಗಿಯ ವ್ಯಾಪಾರ ಮುಗಿಯಲಿ, ಮಾರ್ಚಿಯ ಲೆಕ್ಕ ತೀರಲಿ ಎಂದು ನಾನು ಮುಂದೂಡುತ್ತ ಬಂದೆ. ಬಿ.ಕಾಂ. ಓದಿದವನಿಗೆ ಸಾಲದ ಬಾಕಿಯನ್ನು ಮುಂದಿನ ವರ್ಷಕ್ಕೆ ಒಯ್ಯುವ ವಿದ್ಯೆ ಕರಗತವಲ್ಲವೇ? ಮೂವತ್ತಕ್ಕೂ ಹೆಚ್ಚು ವರ್ಷ ಹೀಗೆ ಒಯ್ದೆ. 2019ರಲ್ಲಿ ಆಕೆ ತೀರಿಕೊಂಡಳು. ಕೇಳಿದ್ದು ಅರ್ಧ ದಿನದ ಬಿಡುವು. ಅದನ್ನು ತಡೆದದ್ದು ಯಾವ ವ್ರತವೂ ಅಲ್ಲ, ಗಲ್ಲಾಪೆಟ್ಟಿಗೆ.

ದಿಗ್ವ್ರತದ ಉದ್ದೇಶವೇ ಲೋಭನಿಗ್ರಹ. ಎಲ್ಲೆಯ ಹೊರಗಿನ ಲಾಭ, ಭೋಗ, ಹಿಂಸೆಗಳಿಂದ ಮನಸ್ಸನ್ನು ಹಿಂದೆಗೆಯಲೆಂದು ಅದನ್ನು ವಿಧಿಸಿದರು. ನಾನಾದರೋ ಎಲ್ಲೆಯ ಹೊರಗೆ ಕಾಲಿಡದೆ, ಒಳಗಿನ ಲೋಭವನ್ನೆಲ್ಲ ಕುಂದಿಲ್ಲದಂತೆ ಕಾಪಾಡಿಕೊಂಡೆ. ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯದಿದ್ದರೆ ಮುಂದಿನದು ವಾಚಕರಿಗೆ ಅರ್ಥವಾಗದು.

ಡಿಸೆಂಬರಿನ ಕೊನೆಯಲ್ಲಿ ಮಕ್ಕಳು ಇಸ್ತಾಂಬುಲಿಗೆ ಹೋಗಿಬಂದರು. ಸಂಕ್ರಾಂತಿಯ ಮುನ್ನ ಮೊಮ್ಮಗಳೊಬ್ಬಳೇ ನನ್ನಲ್ಲಿಗೆ ಬಂದಳು. ನಾನು ಅಂಗಡಿಯ ಬೀಗದ ಕೈಯನ್ನು ತಮ್ಮನ ಮಗನಿಗೆ ಒಪ್ಪಿಸಿ, ಮೂರು ದಿನಗಳ ಕಾಲ ಶಿಕಾರಿಪುರ, ಬಳ್ಳಿಗಾವಿ, ಬಂದಳಿಕೆ, ಕುಪ್ಪಟೂರುಗಳನ್ನು ಬಿಟ್ಟು ಬೇರೆಡೆಗೆ ಹೋಗಲಾರೆನೆಂದೂ, ಅಂಗಡಿಯ ವಿಚಾರವನ್ನು ದೂರವಾಣಿಯಲ್ಲಿಯೂ ಕೇಳಲಾರೆನೆಂದೂ ದೇಶಾವಕಾಶಿಕ ನಿಯಮ ಮಾಡಿಕೊಂಡೆ. ಈ ನಿಯಮದ ಎರಡನೆಯ ಭಾಗವೇ ಕಠಿಣವಾಯಿತು. ಶಿರಾಳಕೊಪ್ಪದ ಬಂಧುಗಳೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಸೋಸಿದ ನೀರು, ಆರು ಗಂಟೆಯೊಳಗೆ ಊಟ, ಅಕ್ಕಿರೊಟ್ಟಿ, ಹೊಸ ಅವರೆಕಾಳಿನ ಸಾರು. ಯಾವ ತೊಂದರೆಯೂ ಆಗಲಿಲ್ಲ.

ಚಳಿಗಾಲದ ಬೆಳಗಿನಲ್ಲಿ ಬಳ್ಳಿಗಾವಿಯನ್ನು ನೋಡಬೇಕು. ಗದ್ದೆಗಳ ಮೇಲೆ ಮಂಜು ಹಾಸಿರುತ್ತದೆ, ಕಣಗಳ ಬದಿಯಲ್ಲಿ ಹುಲ್ಲಿನ ಬಣವೆಗಳು. ಇಂದು ಅದೊಂದು ಸಾಧಾರಣ ಹಳ್ಳಿ. ಆದರೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರಕ್ಕೆ ಇದೇ ರಾಜಧಾನಿ. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು ಇಂದಿಗೂ ನಿಂತಿವೆ. ತ್ರಿಪುರಾಂತಕದಲ್ಲಿ ಪಂಚತಂತ್ರದ ಕಥಾಶಿಲ್ಪಗಳಿವೆ. ಮೊಮ್ಮಗಳು ಅವುಗಳ ಮುಂದೆ ಕುಳಿತವಳು ಏಳಲು ಒಪ್ಪಲಿಲ್ಲ. ನಾನು ಗಂಡಭೇರುಂಡ ಸ್ತಂಭದ ಬಳಿ ನಿಂತೆ. ಅದು 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಎತ್ತರದ ಕಂಬ. ತುದಿಯಲ್ಲಿ ಮನುಷ್ಯದೇಹಕ್ಕೆ ಎರಡು ಪಕ್ಷಿಮುಖಗಳು. ಈ ಊರಿನ ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ಕೋಲಿಗೆ 'ಭೇರುಂಡ ಗಳೆ' ಎಂಬ ಹೆಸರು ಬರುತ್ತದೆ. ಊರ ನಡುವಿನ ಪ್ರಸಿದ್ಧ ಕಂಬದ ಹೆಸರನ್ನು ಅಳತೆಗೆ ಇಟ್ಟವರ ವ್ಯವಹಾರಜ್ಞಾನ ನನಗೆ ಮೆಚ್ಚಿಕೆಯಾಯಿತು. ಹೆಚ್ಚುಕಡಮೆ ಅಳತೆಯು ಅಚೌರ್ಯವ್ರತದ ಅತಿಚಾರ. ನಾಲ್ಕು ದಶಕ ಮೀಟರುಕೋಲು ಹಿಡಿದವನು ಆ ಕಂಬವನ್ನು ತಲೆಯೆತ್ತಿ ನೋಡುವಾಗ ಸ್ವಲ್ಪ ಎಚ್ಚರದಿಂದಲೇ ನೋಡುತ್ತಾನೆ.

ಬಿ.ಎಲ್. ರೈಸರು 1902ರಲ್ಲಿ ಪ್ರಕಟಿಸಿದ ಶಾಸನಸಂಪುಟದಿಂದ ನಾನು ಬರೆದುಕೊಂಡಿದ್ದ ಟಿಪ್ಪಣಿಗಳು ಜೊತೆಗಿದ್ದವು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೂ ಸೇರಿದ ಐದು ಮಠಗಳು ಇಲ್ಲಿದ್ದವು. 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕನು ಇಲ್ಲಿ ಬೌದ್ಧವಿಹಾರವನ್ನು ಮಾಡಿಸಿದನು. 1068ರಲ್ಲಿ ಸುಕುಮಾರ ಚರಿತೆಯ ಕವಿಯಾದ ಶಾಂತಿನಾಥನ ಪ್ರೇರಣೆಯಿಂದ, ಮರದಲ್ಲಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯು ಕಲ್ಲಿನಲ್ಲಿ ಮರುನಿರ್ಮಾಣಗೊಂಡಿತು.

"ಆ ಬಸದಿ ಎಲ್ಲಿದೆ ಅಜ್ಜ?" ಎಂದಳು ಮೊಮ್ಮಗಳು.

ಇಲ್ಲವೆಂದೆ. ಕಲ್ಲಾದರೂ ಉಳಿಯಲಿಲ್ಲ. ಆಕೆಯ ಮುಖ ಬಾಡಿತು. ಶೈವರ ಗುಡಿ ಉಳಿದು ನಮ್ಮದೇಕೆ ಹೋಯಿತೆಂದು ಕೇಳಿದಳು. ಈ ಪ್ರಶ್ನೆಗೆ ನಮ್ಮ ಸಭೆಗಳಲ್ಲಿ ಕೇಳಿಬರುವ ಕಾವೇರಿದ ಉತ್ತರಗಳನ್ನು ನಾನು ಬಲ್ಲೆ. ಒಂದೆರಡನ್ನು ನಾನೇ ಭಾಷಣಗಳಲ್ಲಿ ಹೇಳಿದ್ದೂ ಉಂಟು. ಅಂದು ಅದನ್ನು ಹೇಳಲು ಮನಸ್ಸಾಗಲಿಲ್ಲ. ಬದಲಿಗೆ ಕೇದಾರೇಶ್ವರದ ಹತ್ತಿರ ತಾವರೆಗೆರೆಯ ಏರಿಗೆ ಕರೆದುಕೊಂಡು ಹೋಗಿ ಕೋಡಿಯ ಮಠದ ಸಂಗತಿಯನ್ನು ಹೇಳಿದೆ. ಅದು ಕಾಳಾಮುಖ ಶೈವರ ಮಠ. 1162ರ ಶಾಸನವು ಅಲ್ಲಿ ವೇದಗಳ ಜೊತೆಗೆ ನಾನಾ ವ್ಯಾಕರಣಗಳನ್ನೂ ದರ್ಶನಗಳನ್ನೂ ಕಲಿಸುತ್ತಿದ್ದರೆಂದು ತಿಳಿಸುತ್ತದೆ. ಆ ವ್ಯಾಕರಣಗಳಲ್ಲಿ ಪಾಣಿನಿಯದೊಡನೆ ಶಾಕಟಾಯನವೂ ಸೇರಿದೆ. ಅಮೋಘವರ್ಷನ ಕಾಲದ ಶಾಕಟಾಯನನು ಜೈನಯತಿ. ದೀನರು, ಕುರುಡರು, ಕಿವುಡರು, ಕುಂಟರಿಗೆ ಅಲ್ಲಿ ಅನ್ನ, ರೋಗಿಗಳಿಗೆ ಔಷಧ. ಅನ್ನ ಪಡೆಯುವ ಸನ್ಯಾಸಿಗಳ ಪಟ್ಟಿಯಲ್ಲಿ ನಮ್ಮ ಕ್ಷಪಣಕರ ಹೆಸರೂ ಇದೆ. ಮುನಿಯ ಆಹಾರವಿಧಿಗೆ ಅದು ಹೇಗೆ ಹೊಂದುತ್ತಿತ್ತೆಂಬ ಚರ್ಚೆ ಬೇರೆ. ಬಾಗಿಲು ಮುಚ್ಚಿರಲಿಲ್ಲವೆಂಬುದಷ್ಟೇ ಇಲ್ಲಿ ಮುಖ್ಯ.

ಕೂಡಲೇ ಆ ಹುಡುಗಿ ತಾನು ಕಂಡುಬಂದ ಸುಲೇಮಾನಿಯೆ ಮಸೀದಿಯ ಮಾತೆತ್ತಿದಳು. ಸಿನಾನನೆಂಬ ಶಿಲ್ಪಿ ಕಟ್ಟಿ 1557ರಲ್ಲಿ ಮುಗಿಸಿದ ಅದರ ಸುತ್ತಲೂ ಪಾಠಶಾಲೆಗಳು, ಆಸ್ಪತ್ರೆ ಮತ್ತು ಬಡವರಿಗೆ ಅನ್ನ ಬಡಿಸುವ ದೊಡ್ಡ ಅಡುಗೆಮನೆ ಇದ್ದವಂತೆ. 537ರಲ್ಲಿ ಇಗರ್ಜಿಯಾಗಿ ಪೂರ್ಣಗೊಂಡ ಆಯಾಸೋಫಿಯಾ 1453ರಲ್ಲಿ ಮಸೀದಿಯಾಗಿ, 1935ರಿಂದ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮರಳಿ ಮಸೀದಿಯಾದ ಕಥೆಯನ್ನೂ ಹೇಳಿದಳು. ಚಳಿಯಲ್ಲಿ ಬೀದಿಬದಿಗೆ ಹುರಿದು ಮಾರುವ ಚೆಸ್ಟ್‌ನಟ್ ಕಾಯಿಗಳನ್ನು ತಿಂದಳಂತೆ. ಸಲೇಪ್ ಎಂಬ ಬಿಸಿಹಾಲಿನ ಪಾನೀಯ ಅಲ್ಲಿಯ ಚಳಿಗಾಲದ ವಿಶೇಷ. ಅದನ್ನು ಕೈಗೆತ್ತಿಕೊಂಡ ಮೇಲೆ, ಕಾಡು ಆರ್ಕಿಡ್ ಗಿಡದ ಗೆಡ್ಡೆಯನ್ನು ಪುಡಿ ಮಾಡಿ ಬೆರೆಸುತ್ತಾರೆಂದು ತಿಳಿಯಿತಂತೆ. ಗೆಡ್ಡೆ ಕಿತ್ತರೆ ಆ ಗಿಡವೇ ಹೋಗುತ್ತದೆ. "ಕಂದಮೂಲ ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಅದು ನೆನಪಾಯಿತು. ಅಪ್ಪನಿಗೆ ಕೊಟ್ಟುಬಿಟ್ಟೆ" ಎಂದಳು. ಅಪ್ಪನು ಕುಡಿದನೋ ಇಲ್ಲವೋ ನಾನು ಕೇಳಲಿಲ್ಲ. ಎಲ್ಲೆಯನ್ನು ಮೀರಿ ಅಷ್ಟು ದೂರ ಹೋದ ಮಗು ಅಜ್ಜಿಯ ಮಾತನ್ನು ಜೊತೆಗೆ ಒಯ್ದಿತ್ತು; ಎಲ್ಲೆಯೊಳಗಿದ್ದ ನಾನು ಆಕೆಯ ಒಂದು ಮಾತನ್ನೂ ನಡೆಸಿಕೊಟ್ಟಿರಲಿಲ್ಲ.

ಎರಡನೆಯ ದಿನ ಬಂದಳಿಕೆ. ಹಿಂದೆ ಇದು ಬಂದಣಿಕೆಯೆಂಬ ಹೆಸರಾಂತ ಜೈನತೀರ್ಥ. ಈಗ ಜನವಸತಿಯಿಲ್ಲದ ಪಾಳು. ಗಿಡಮರಗಳ ನಡುವೆ ಶಿಥಿಲವಾದ ಶಾಂತಿನಾಥ ಬಸದಿಯಿದೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನು ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೇ ಆ ಅಧಿಕಾರ ದೊರೆಯಿತು. ಆಕೆ ಸಮರ್ಥಳಾಗಿ ಆಳಿದಳು. ರೋಗವುಂಟಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಗೆ ಬಂದು ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು. ಭೋಗವೆಲ್ಲ ಅನಿತ್ಯವೆಂದು ನಾವು ಬಾಯಲ್ಲಿ ಹೇಳುತ್ತೇವೆ. ಬೀಗದ ಕೈಯನ್ನು ಯಾವಾಗ ಯಾರಿಗೆ ಕೊಡಬೇಕೆಂಬುದನ್ನು ಆಕೆ ತಿಳಿದಿದ್ದಳು.

ಇಲ್ಲಿ ನಮ್ಮ ಟ್ರಸ್ಟುಗಳ ಮಹನೀಯರಲ್ಲಿ ಒಂದು ಮಾತು. ಅಮೃತಶಿಲೆಯ ಹೊಸ ಬಸದಿಗಳಿಗೆ ದಾನಿಗಳು ಸಿಗುತ್ತಾರೆ, ಫಲಕದಲ್ಲಿ ಹೆಸರಿರುತ್ತದೆ. ಬಂದಳಿಕೆಗೆ ವರ್ಷಕ್ಕೊಮ್ಮೆ ಇಪ್ಪತ್ತು ಮಕ್ಕಳನ್ನು ಕರೆತಂದು, ಊಟ ಹಾಕಿಸಿ, ಶಾಸನದ ಕಥೆ ಹೇಳಿ ಕಳುಹಿಸಲು ಒಂದು ಬಸ್ಸಿನ ಬಾಡಿಗೆ ಸಾಕು. ನಾನೂ ಒಂದು ಟ್ರಸ್ಟಿನ ಸದಸ್ಯನೇ. ಇಷ್ಟು ವರ್ಷ ಈ ಸೂಚನೆಯನ್ನು ನಾನೇ ಮಾಡಿರಲಿಲ್ಲ.

ಮೂರನೆಯ ದಿನ ಸೊರಬ ತಾಲ್ಲೂಕಿನ ಕುಪ್ಪಟೂರಿಗೆ ಹೋದೆವು. ಕೈಟಭೇಶ್ವರ ದೇವಾಲಯದ ಜಗತಿಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತು ಬುತ್ತಿ ಬಿಚ್ಚಿದೆವು. ಹನ್ನೊಂದನೆಯ ಶತಮಾನದಲ್ಲಿ ಕದಂಬ ಕೀರ್ತಿದೇವನ ಪಟ್ಟದರಸಿ ಮಾಳಲದೇವಿ ಈ ಊರಿನಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಮಾಡಿಸಿದಾಗ, ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರನ್ನು ಕೊಟ್ಟವರು ಇಲ್ಲಿಯ ಅಗ್ರಹಾರದ ಬ್ರಾಹ್ಮಣರು. ಇದು ನನ್ನ ಪತ್ನಿಯ ತವರಿನ ಸೀಮೆ. ಈ ಗುಡಿಯ ಅಂಗಳದಲ್ಲಿ ಆಡಿ ಬೆಳೆದವಳು ಆಕೆ. ನಾನು ಅಳಿಯನಾಗಿ ಎಷ್ಟೋ ಸಲ ಈ ಸೀಮೆಗೆ ಬಂದು, ಉಂಡು, ಮರುದಿನದ ಮೊದಲ ಬಸ್ಸಿಗೆ ಹಿಂದಿರುಗಿದ್ದೆ. ಒಳಗೆ ಬಂದು ನೋಡಿದ್ದು ಇದೇ ಮೊದಲು.

ಮೊಮ್ಮಗಳು ಇಸ್ತಾಂಬುಲಿನ ಚಿತ್ರಗಳನ್ನು ತೋರಿಸಿದಳು. ಹಿಮದಂಥ ತುಂತುರು, ಬೂದುಬಣ್ಣದ ಸಮುದ್ರ, ಮಸೀದಿಯ ಮೆಟ್ಟಿಲ ಮೇಲೆ ಮುದುಡಿದ ಬೆಕ್ಕುಗಳು. ಆ ನಗರ ನಿಜವಾಗಿಯೂ ಸುಂದರವಾಗಿದೆ. ನೋಡಲಾಗದೆಂಬ ಕೊರಗು ನನಗಿಲ್ಲ. ವ್ರತವನ್ನು ಸಡಿಲಿಸುವ ಯೋಚನೆಯೂ ಇಲ್ಲ. ಆದರೆ ಮುಂದೆ ಯಾರಾದರೂ ಎಲ್ಲಿಗಾದರೂ ಕರೆದಾಗ, ತಡೆಯುತ್ತಿರುವುದು ವ್ರತವೋ ಅಂಗಡಿಯೋ ಎಂದು ಮೊದಲು ನೋಡಿಕೊಳ್ಳುತ್ತೇನೆ. ಎಲ್ಲೆಯನ್ನು ಮರೆಯುವುದು ಐದನೆಯ ಅತಿಚಾರ. ಎಲ್ಲೆಯೊಳಗೆ ಏನಿತ್ತೆಂಬುದನ್ನೇ ಮರೆತವನಿಗೆ ಯಾವ ಪ್ರಾಯಶ್ಚಿತ್ತವೋ, ತಿಳಿದವರು ಬರೆದು ತಿಳಿಸಬೇಕು.

ಹಿಂದಿರುಗುವಾಗ ಬೇಕೆಂದೇ ಬಸ್ಸು ಹಿಡಿದೆವು. ಶಿರಾಳಕೊಪ್ಪದ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಮೊಮ್ಮಗಳು ಕಿಟಕಿಯ ಬದಿಗಿದ್ದಳು, ಆಕೆಯ ಅಜ್ಜಿ ಯಾವಾಗಲೂ ಕೂರುತ್ತಿದ್ದ ಬದಿಗೆ. "ಬರುವ ವರ್ಷ ತಾಳಗುಂದಕ್ಕೆ ಹೋಗೋಣವಾ ಅಜ್ಜ?" ಎಂದಳು. ಮಾರ್ಚಿಯ ಲೆಕ್ಕದ ಮಾತು ನಾಲಗೆಯ ತುದಿಗೆ ಬಂದಿತ್ತು. ದಿನಾಂಕ ಹೇಳು ಎಂದೆ. ಆಕೆ ಹೇಳಿದಳು, ಅಂಗಡಿಯ ದಿನಚರಿಯಲ್ಲಿ ಅಲ್ಲಿಯೇ ಬರೆದುಕೊಂಡೆ.