ಆಮೆಗೂ ಓಡಾಡೋಕೆ ಜಾಗ ಬೇಕು



ಮೀಸಲಾತಿ, ಸ್ಮಶಾನದ ಜಾಗ, ಹಾಸ್ಟೆಲ್ ಊಟ ಅಂತ ಬರೆಯೋನು ಇವತ್ತು ಆಮೆ ಬಗ್ಗೆ ಬರೀತಿದಾನಲ್ಲ ಅಂತ ನಗಬೇಡಿ. ಚಳ್ಳಕೆರೆಯ ನಮ್ಮ ಹುಡುಗನೊಬ್ಬ ಗಾಜಿನ ಬಟ್ಟಲಲ್ಲಿ ಆಮೆ ಸಾಕಿದಾನೆ. "ಅಣ್ಣಾ, ಇದು ಅಲ್ಲಾಡೋದೇ ಇಲ್ಲ, ಸೋಮಾರಿ ಕಣಣ್ಣ. ಟಾನಿಕ್ ಏನಾದ್ರೂ ಐತಾ?" ಅಂದ. ಹೋಗಿ ನೋಡಿದ್ರೆ ಪಾಪದ್ದಕ್ಕೆ ತಿರುಗೋಕೂ ಜಾಗ ಇಲ್ಲ. ಕೂಡಿಹಾಕಿ ಆಮೇಲೆ ಸೋಮಾರಿ ಅನ್ನೋ ಮಾತು ನಮ್ಮ ಜನಕ್ಕೇನು ಹೊಸದಲ್ಲ ಬಿಡಿ.

ಅಂಗಡಿಯಲ್ಲಿ ಮಾರೋದು ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರೋ ಆಮೆ. ಅಮೆರಿಕದ ಮಿಸಿಸಿಪಿ ನದಿ ಬಯಲಿನದು. ತರುವಾಗ ಅಂಗೈಯಗಲ, ಬೆಳೆದರೆ ಚಿಪ್ಪೇ ಒಂದಡಿ ಹತ್ತಿರ ಬರುತ್ತೆ. 20-30 ವರ್ಷ ಬದುಕುತ್ತೆ. ಅದಕ್ಕೆ ದೊಡ್ಡ ಟಬ್ ಅಥವಾ ಸಿಮೆಂಟ್ ತೊಟ್ಟಿ ಬೇಕು. ನೀರು ಚಿಪ್ಪಿನ ಉದ್ದದ ಎರಡು ಪಟ್ಟು ಆಳ ಇದ್ದರೆ ಚೆನ್ನಾಗಿ ಈಜುತ್ತೆ. ಹತ್ತಿ ಕೂತು ಮೈ ಒಣಗಿಸಿಕೊಳ್ಳೋಕೆ ಇಳಿಜಾರು ಕಲ್ಲಿಡಿ. ಹತ್ತೋದು, ಇಳಿಯೋದು, ಈಜೋದು, ಇದೇ ಅದರ ಕಸರತ್ತು.

ಬಿಸಿಲು ನೇರವಾಗಿ ಬೀಳಬೇಕು. ಕಿಟಕಿ ಗಾಜಿನ ಮೂಲಕ ಬಂದದ್ದು ಸಾಲದು, ಬೇಕಾದ ಕಿರಣವನ್ನ ಗಾಜು ತಡೆಯುತ್ತೆ. ಬಿಸಿಲಿಲ್ಲದಿದ್ರೆ ತಿಂದ ಸುಣ್ಣದಂಶ ಮೈಗೆ ಹತ್ತಲ್ಲ, ಚಿಪ್ಪು ಮೆತ್ತಗಾಗುತ್ತೆ, ಕಾಲು ಸೊಟ್ಟಗಾಗುತ್ತೆ. ಆದ್ರೆ ಅರ್ಧ ತೊಟ್ಟಿಗೆ ನೆರಳಿರಲಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬೆಂದೇ ಹೋಗುತ್ತೆ.

ಊಟ ಒಂದೇ ಕಡೆ ಸುರೀಬೇಡಿ. ಮೂಲೆ ಮೂಲೆಗೆ ಸೊಪ್ಪು ಹಾಕಿ, ಈಜಿ ಹುಡುಕಲಿ. ಬೆಳೆದ ಆಮೆಗೆ ಸೊಪ್ಪೇ ಜಾಸ್ತಿ ಇರಬೇಕು. ಕಾಲು ಒಳಗೆಳೆದಾಗ ಮಾಂಸ ಚಿಪ್ಪಿನಾಚೆ ಉಬ್ಬಿದ್ರೆ ಕೊಬ್ಬಿದೆ ಅಂತ ಅರ್ಥ. ಕಣ್ಣು ಊದಿದ್ರೆ, ಒಂದು ಕಡೆ ವಾಲಿ ತೇಲ್ತಿದ್ರೆ ಪಶುವೈದ್ಯರ ಹತ್ರ ಹೋಗಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಸಾಕೋಕಾಗಲ್ಲ ಅಂತ ವೇದಾವತಿಗೋ ಊರ ಕೆರೆಗೋ ಮಾತ್ರ ಬಿಡಬೇಡಿ. ಇಲ್ಲಿನ ಆಮೆಗಳ ಊಟ, ಬಿಸಿಲು ಕಾಯೋ ಜಾಗ ಎಲ್ಲ ಅದು ಕಿತ್ತುಕೊಳ್ಳುತ್ತೆ.

ಈಗ ಮುಖ್ಯ ಮಾತು. ನಮ್ಮಂಥ ಬಯಲುಸೀಮೆಯ ಕುರುಚಲು ಕಾಡು, ಹುಲ್ಲುಗಾವಲಿನದು ನಕ್ಷತ್ರ ಆಮೆ. ಮಳೆಗಾಲದಲ್ಲಿ ಬೆಳಿಗ್ಗೆ, ಸಂಜೆ ನಡೆದು ಹುಲ್ಲು, ಹೂವು, ಉದುರಿದ ಹಣ್ಣು ತಿನ್ನುತ್ತೆ. ಬಿಸಿಲೇರಿದ್ರೆ ಪೊದೆ ಕೆಳಗೆ ಸೇರುತ್ತೆ. ಅದನ್ನ ಗಟ್ಟಿಯಾಗಿಡೋಕೆ ಯಾರೂ ಏನೂ ಮಾಡಬೇಕಿಲ್ಲ, ಬಿಟ್ಟರೆ ಸಾಕು. ಆದ್ರೆ ಮನೇಲಿಟ್ರೆ ದುಡ್ಡು ಬರುತ್ತೆ ಅಂತ ವಾಸ್ತು ಹೇಳೋರಿದ್ದಾರೆ, ಕೊಳ್ಳೋ ಸಿರಿವಂತರಿದ್ದಾರೆ. ಹಿಡಿದು ತರೋಕೆ ಮಾತ್ರ ಬಡವರ ಮಕ್ಕಳು ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಇದು ಒಂದನೇ ಅನುಸೂಚಿಗೆ ಸೇರಿದೆ. ಹಿಡಿದರೆ, ಮಾರಿದರೆ 3 ವರ್ಷದಿಂದ 7 ವರ್ಷ ಜೈಲು. ಚೀಲ ಯಾರ ಕೈಯಲ್ಲಿರುತ್ತೋ ಅವನೇ ಮೊದಲು ಸಿಕ್ಕಿಬೀಳೋದು. ಅದೃಷ್ಟ ಕೊಂಡುಕೊಂಡೋರ ಮನೆಗೆ ಪೊಲೀಸ್ ಜೀಪು ಎಷ್ಟು ಸಲ ಹೋಗುತ್ತೆ, ನೀವೇ ಹೇಳಿ.

ಚಳ್ಳಕೆರೆ ಸುತ್ತ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗೆ ಗೋಡೆ ಬಿದ್ದಿದೆ. ಕುರಿ ಮೇಯಿಸೋರು ಗೋಡೆ ಸುತ್ತಿಕೊಂಡಾದ್ರೂ ಹೋಗ್ತಾರೆ, ಧರಣಿ ಕೂರ್ತಾರೆ, ಕೋರ್ಟಿಗೆ ಹೋಗ್ತಾರೆ. ಆಮೆ ಎಲ್ಲಿಗೆ ಹೋಗುತ್ತೆ?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆ ಮೇಲೆ ಅಶೋಕ ಚಕ್ರವರ್ತಿ 2,200 ವರ್ಷಕ್ಕೂ ಹಿಂದೆ ಬರೆಸಿದ್ದು ಇದನ್ನೇ: ತಂದೆ ತಾಯಿ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇಡಿ, ಸತ್ಯ ನುಡಿಯಿರಿ. ಉತ್ತರದ ಕಂಬಗಳ ಮೇಲೆ ಅವನು ಕೊಡಿಸಿದ, ಕೊಲ್ಲಬಾರದ ಜೀವಿಗಳ ಪಟ್ಟಿಯಲ್ಲಿ ಆಮೆಯೂ ಇದೆ. ಬಾಬಾಸಾಹೇಬರು ಆರಿಸಿಕೊಂಡ ಬುದ್ಧನ ದಾರಿ ನಮ್ಮ ಊರ ಬಂಡೆ ಮೇಲೇ ಇದೆ.

ದನ ಕುಡಿಯೋ ಕೆರೆ ನೀರನ್ನ ನಮ್ಮವರು ಮುಟ್ಟಬಾರದು ಅಂತಿದ್ದ ಕಾಲಕ್ಕೆ, 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದರು. ನೀರು, ನೆಲ, ಬಿಸಿಲು ಎಲ್ಲರದ್ದೂ ಅಂತ ಅವತ್ತಿಂದ ಹೇಳ್ತಾ ಬಂದಿರೋರು ನಾವು. ಬಾಯಿಲ್ಲದ ಜೀವಕ್ಕೂ ಅದೇ ನ್ಯಾಯ ಅನ್ವಯಿಸಬೇಕಲ್ವಾ?

ನಮ್ಮ ಕಾಲೋನಿ ಹುಡುಗರೇ, ಆಮೆ ಹಿಡಿದುಕೊಡು ಸಾವಿರಾರು ಕೊಡ್ತೀನಿ ಅಂತ ಯಾರೇ ಬಂದರೂ ಬೇಡ ಅನ್ನಿ. ಅವನು ಕೊಡೋ ದುಡ್ಡು ನಿಮ್ಮ ಜಾಮೀನಿಗೂ ಸಾಲಲ್ಲ. ಮನೇಲಿ ಈಗಾಗಲೇ ನಕ್ಷತ್ರ ಆಮೆ ಇದ್ದರೆ ಕಂಡಲ್ಲಿ ಬಿಡಬೇಡಿ, ಗೊತ್ತಿರೋ ವಕೀಲರನ್ನೋ ಸಂಘಟನೆಯವರನ್ನೋ ಜೊತೆಗೆ ಕರ್ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿ. ಅಂಗಡಿ ಆಮೆ ಸಾಕಿರೋರು ಬಟ್ಟಲು ಪಕ್ಕಕ್ಕಿಟ್ಟು ಇವತ್ತೇ ತೊಟ್ಟಿ ಹುಡುಕಿ.

ಜೈ ಭೀಮ್.