ಅಡುಗೆಮನೆಯ ಮುಂದೊಂದು ಶೀತಲ ಸಮರ

ರಾಜಕೀಯದ ಮಾತು ಬಂದರೆ ಗಂಡಸರು ಜಗುಲಿಗೂ ಹೆಂಗಸರು ಒಳಗೂ ಸರಿಯುವುದು ನಮ್ಮ ಮನೆಗಳ ಹಳೆಯ ವಾಡಿಕೆ. 'ಅಮೆರಿಕ, ರಷ್ಯಾದ ಉಸಾಬರಿ ನಿಮಗ್ಯಾಕಮ್ಮ, ಸಾರಿಗೆ ಒಗ್ಗರಣೆ ಹಾಕಿ' ಎನ್ನುವವರು ಇಂದಿಗೂ ಇದ್ದಾರೆ. ಅಂಥವರಿಗೆ ನಾನು ಹೇಳುವುದಿಷ್ಟೆ: ಆ ಎರಡು ದೇಶಗಳ ಬಲು ಪ್ರಸಿದ್ಧ ವಾಗ್ವಾದ ನಡೆದದ್ದೇ ಒಂದು ಅಡುಗೆಮನೆಯ ಮುಂದೆ!

1959ರ ಜುಲೈ 24. ಮಾಸ್ಕೋದ ಸೊಕೋಲ್ನಿಕಿ ಉದ್ಯಾನದಲ್ಲಿ ಅಮೆರಿಕದವರ ವಸ್ತುಪ್ರದರ್ಶನ. ಅಲ್ಲೊಂದು ಮಾದರಿ ಮನೆ. ಜನ ನಡುವೆ ಹಾದುಹೋಗಲೆಂದು ಅದನ್ನು ಎರಡು ಹೋಳು ಮಾಡಿ ನಿಲ್ಲಿಸಿದ್ದರು. ಅದರ ಅಡುಗೆಮನೆಯ ಬಣ್ಣ ನಿಂಬೆಹಣ್ಣಿನ ಹಳದಿ. ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಬಟ್ಟೆ ಒಗೆಯುವ ಯಂತ್ರ ತೋರಿಸಿ, ಇದು ನಮ್ಮ ಹೆಂಗಸರ ಬದುಕು ಹಗುರಾಗಲೆಂದು ಮಾಡಿದ್ದು ಎಂದರು. ಹೆಂಗಸರ ಬಗ್ಗೆ ನಿಮ್ಮ ಈ ಬಂಡವಾಳಶಾಹಿ ಧೋರಣೆ ನಮ್ಮಲ್ಲಿಲ್ಲ ಎಂದರು ಸೋವಿಯತ್ ಪ್ರಧಾನಿ ಕ್ರುಶ್ಚೇವ್. 14,000 ಡಾಲರಿನ ಇಂಥ ಮನೆಯನ್ನು ನಮ್ಮ ಉಕ್ಕಿನ ಕಾರ್ಖಾನೆಯ ಕೆಲಸಗಾರನೂ ಕೊಳ್ಳಬಲ್ಲ ಎಂದರು ಇವರು. ತುತ್ತನ್ನು ಬಾಯಿಗಿಟ್ಟು ಒಳಗೆ ತಳ್ಳುವ ಯಂತ್ರ ಇಲ್ಲವೇ ಎಂದು ಛೇಡಿಸಿದರು ಅವರು.

ಓದುವಾಗ ನಗು ಬರುತ್ತದೆ. ಆದರೆ ಇಬ್ಬರ ಹಿಂದೆಯೂ ಅಣುಬಾಂಬುಗಳಿದ್ದವು. ಮೂರೇ ವರ್ಷಕ್ಕೆ, 1962ರ ಅಕ್ಟೋಬರಿನಲ್ಲಿ, ಕ್ಯೂಬಾದ ಕ್ಷಿಪಣಿಗಳಿಗಾಗಿ ಲೋಕವೇ ಉಸಿರು ಬಿಗಿಹಿಡಿಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಹಾಗೆ ಇವರಿಬ್ಬರ ಹಟಕ್ಕೆ ಕೊರಿಯಾ, ವಿಯೆಟ್ನಾಂಗಳಲ್ಲಿ ಎಷ್ಟು ಮನೆಗಳ ಒಲೆ ಆರಿತೋ!

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಅಡುಗೆಮನೆಯ ಬಗ್ಗೆ ಅಷ್ಟು ಮಾತಾಡಿದ ಈ ಮಹನೀಯರಿಬ್ಬರೂ ಅಡುಗೆ ಮಾಡುವವಳ ಪರವಾಗಿ ತಾವೇ ಉತ್ತರ ಹೇಳಿಬಿಟ್ಟರು. ಆಗ ರಷ್ಯಾದ ಪಟ್ಟಣಗಳಲ್ಲಿ ಹಲವು ಸಂಸಾರಗಳಿಗೆ ಸೇರಿ ಒಂದೇ ಅಡುಗೆಮನೆ. ಹೆಂಗಸು ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು, ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು, ಬಂದು ಬೇಯಿಸಬೇಕು. ಸಮಾನತೆ ಬಂದಿತ್ತು, ಆದರೆ ಸೌಟು ಕೈ ಬದಲಿಸಿರಲಿಲ್ಲ. ಇತ್ತ ಅಮೆರಿಕದಲ್ಲಿ ಸಕಲ ಯಂತ್ರಗಳ ನಡುವೆ ಕೂತ ಗೃಹಿಣಿಗೆ ಹೆಸರಿಲ್ಲದ ಕೊರಗು. ಬೆಟ್ಟಿ ಫ್ರೀಡನ್ 1963ರಲ್ಲಿ ಅದನ್ನೇ ಪುಸ್ತಕವಾಗಿಸಿದಾಗ ಅಲ್ಲಿನ ಹೆಂಗಸರು ಮುಗಿಬಿದ್ದು ಓದಿದರು.

ನಮ್ಮ ಮನೆಗೆ ಗ್ರೈಂಡರ್ ಬಂದಾಗ ನಮ್ಮತ್ತೆ ಅದರ ಸುತ್ತ ಒಮ್ಮೆ ಕಣ್ಣಾಡಿಸಿ, "ಕಲ್ಲು ಬದಲಾಯ್ತು ಕಣೇ, ರುಬ್ಬೋಳು ಬದಲಾಗಲಿಲ್ಲ" ಎಂದಿದ್ದರು. ರಟ್ಟೆಯ ನೋವು ಹೋದದ್ದು ನಿಜ, ಅದನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಉಳಿದ ಆ ಒಂದು ಗಂಟೆ ಯಾರದು? ಆ ಗಂಟೆಗೆ ಇನ್ನೆರಡು ಕೆಲಸ ಬಂದು ಕೂತವು. ನಿಕ್ಸನ್ನರ ಯಂತ್ರವಾಗಲಿ ಕ್ರುಶ್ಚೇವರ ಸಿದ್ಧಾಂತವಾಗಲಿ ಈ ಪ್ರಶ್ನೆಯ ಹತ್ತಿರ ಸುಳಿಯಲಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕ್ರುಶ್ಚೇವರ ಕಾಲದಲ್ಲಿ ಸಂಸಾರಕ್ಕೊಂದರಂತೆ ಪುಟ್ಟ ಮನೆಗಳನ್ನು ಲಕ್ಷಗಟ್ಟಲೆ ಕಟ್ಟಿದರು. ಅಡುಗೆಮನೆ ಇಬ್ಬರು ತಿರುಗಲೂ ಇಕ್ಕಟ್ಟು, ಆದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಹೊರಗೆ ಆಡಲಾಗದ ಮಾತನ್ನು ಜನ ಅಲ್ಲಿ ಚಹಾ ಕುಡಿಯುತ್ತ ಆಡಿದರು. ಪಕ್ಕದವರಿಗೆ ಕೇಳದಿರಲೆಂದು ರೇಡಿಯೋ ಜೋರಾಗಿ ಹಾಕುತ್ತಿದ್ದರಂತೆ. ಅಚ್ಚಾಗದ ಬರಹಗಳು ಕಾರ್ಬನ್ ಹಾಳೆಯಿಟ್ಟು ಟೈಪಾಗಿ ಕೈಯಿಂದ ಕೈಗೆ ದಾಟಿದವು. ಹಾಗೆ ಟೈಪು ಮಾಡಿದವರಲ್ಲಿ ಹೆಂಗಸರೇ ಬಹಳ ಮಂದಿ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದದ್ದಕ್ಕೆ ಪಂಡಿತರು ನೂರು ಕಾರಣ ಕೊಡುತ್ತಾರೆ. ಆ ಪಟ್ಟಿಯಲ್ಲಿ ಈ ಇಕ್ಕಟ್ಟಿನ ಅಡುಗೆಮನೆಗಳಿಗೂ ಒಂದು ಮೂಲೆ ಸಿಗಬೇಕೆಂದು ನನ್ನ ಆಸೆ.