ಒಂದು ದ್ವೀಪದ ಲೆಕ್ಕಪತ್ರ

ಅಕೌಂಟೆನ್ಸಿಯ ಸವಕಳಿ ಪಾಠದಲ್ಲಿ ‘ಡಿಪ್ಲೀಷನ್’ ಎಂಬ ಪದ ಬರುತ್ತದೆ. ಗಣಿಯಿಂದ ಅದಿರು ತೆಗೆದಷ್ಟೂ ಗಣಿಯ ಬೆಲೆ ಇಳಿಯುತ್ತದೆ, ಅದನ್ನು ಲೆಕ್ಕದಲ್ಲಿ ತೋರಿಸಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ನೌರು ದೇಶದ ಬಗ್ಗೆ ಓದಿದಾಗ.

ನೌರು ಇರುವುದು ಪೆಸಿಫಿಕ್ ಸಾಗರದಲ್ಲಿ, ಸಮಭಾಜಕ ವೃತ್ತದಿಂದ ಸ್ವಲ್ಪವೇ ದಕ್ಷಿಣಕ್ಕೆ. ವಿಸ್ತೀರ್ಣ 21 ಚದರ ಕಿ.ಮೀ. ಸ್ಕೂಟರಿನಲ್ಲಿ ಅರ್ಧ ಗಂಟೆಗೆ ಇಡೀ ದೇಶ ಸುತ್ತಬಹುದು! ಜನರ ಮನೆಗಳೆಲ್ಲ ಹೆಚ್ಚಾಗಿ ದಡದಲ್ಲಿ. ನಡುವಿನ ಎತ್ತರದ ನೆಲದಲ್ಲಿ ಫಾಸ್ಫೇಟ್. 1907ರಿಂದ ಹೊರಗಿನವರು ಅದನ್ನು ಅಗೆದು ಸಾಗಿಸಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಅದೇ ಗೊಬ್ಬರ.

ಅಲ್ಲಿಯ ಜನ ಎಷ್ಟು ಕಡಿಮೆ ಇದ್ದರೆಂದರೆ, 1932ರಲ್ಲಿ ಸಂಖ್ಯೆ 1,500 ಮುಟ್ಟಿದ್ದೇ ಒಂದು ಹಬ್ಬವಾಯಿತು. ‘ಅಂಗಾಮ್’ ಎನ್ನುತ್ತಾರೆ, ಮನೆಗೆ ಮರಳುವುದು ಎಂದರ್ಥ. ಯುದ್ಧದಲ್ಲಿ ಜಪಾನ್ ಸೈನ್ಯ ಸುಮಾರು 1,200 ಮಂದಿಯನ್ನು ದೂರದ ಟ್ರುಕ್ ದ್ವೀಪಗಳಿಗೆ ಒಯ್ದಿತು. 1946ರ ಜನವರಿ 31ರಂದು ಮರಳಿದವರು 737. ಅದೇ ತಾರೀಖಿನಂದು, 1968ರಲ್ಲಿ, ನೌರು ಸ್ವತಂತ್ರವಾಯಿತು. ಅದಕ್ಕೂ ಮೊದಲು ಆಸ್ಟ್ರೇಲಿಯಾ ಎಲ್ಲರಿಗೂ ಬೇರೆ ದ್ವೀಪ ಕೊಡುತ್ತೇನೆ ಎಂದಿತ್ತು. ಇವರು ಒಪ್ಪಲಿಲ್ಲ.

ಆಮೇಲೆ ಹಣ ಸುರಿಯಿತು. ಸ್ವಂತ ವಿಮಾನ ಕಂಪನಿ, ಮೆಲ್ಬರ್ನಿನಲ್ಲಿ 52 ಮಹಡಿಯ ಕಟ್ಟಡ, ಲಂಡನ್ನಿನಲ್ಲಿ ಸೋತುಹೋದ ಒಂದು ಸಂಗೀತ ನಾಟಕಕ್ಕೂ ಬಂಡವಾಳ. ಫಾಸ್ಫೇಟ್ ಮುಗಿಯುತ್ತಾ ಬಂತು, ಸಾಲ ಏರಿತು, 2004ರಲ್ಲಿ ಕಟ್ಟಡವೂ ಹೋಯಿತು. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರಲಿಲ್ಲ. ಅವರೂ ಮುಂದಿನವರಿಗೆಂದು ನಿಧಿ ಮಾಡಿದ್ದರು, ಹೂಡಿಕೆ ಕೈಕೊಟ್ಟಿತು. ಅಲ್ಲದೆ ಮೊದಲ ಅರವತ್ತು ವರ್ಷ ಅಗೆದವರು ಅವರಲ್ಲ. ಆ ಹಾನಿಗಾಗಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದ ಮೇಲೆ, 1993ರಲ್ಲಿ ಆಸ್ಟ್ರೇಲಿಯಾ 10.7 ಕೋಟಿ ಡಾಲರ್ ಕೊಡಲು ಒಪ್ಪಿತು. ನಡುವಿನ ನೆಲದಲ್ಲಿ ಈಗ ಉಳಿದಿರುವುದು ಚೂಪು ಸುಣ್ಣಕಲ್ಲುಗಳ ಸಾಲು.

ನನ್ನ ನಾನಾ ಒಮ್ಮೆ ಹೊಲದ ಮೇಲ್ಮಣ್ಣನ್ನು ಇಟ್ಟಿಗೆ ಭಟ್ಟಿಗೆ ಮಾರಿದ್ದರು. ಖಾಲಾ ಮದುವೆ ಆಯಿತು, ಹೊಲ ಗುಂಡಿಯಾಯಿತು. ಆ ಹಣವನ್ನು ಆದಾಯ ಎಂದು ಬರೆಯಬೇಕೋ, ಆಸ್ತಿ ಮಾರಿದ್ದು ಎಂದೋ? ಕೇಳುವ ಧೈರ್ಯ ನನಗಿಲ್ಲ. ನೌರು ಕಥೆ ಮಾತ್ರ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಆ ಜನ ಈಗ ಎಲ್ಲಿದ್ದಾರೆ ಬೇಟಾ?” ಎಂದರು.

“ಅಲ್ಲೇ ಇದ್ದಾರೆ ನಾನಾ, ಹನ್ನೆರಡು ಸಾವಿರದಷ್ಟು.”